ತಿದ್ದುವುದು ಮತ್ತು ತಲೆಗೆ ತುಂಬುವುದು: ಓದುಗರ ಎರಡು ಪ್ರಶ್ನೆಗಳು

ಪ್ರಶ್ನೆ: ಹಲವು ವರ್ಷ ಕುಡಿತಕ್ಕೆ ಬಿದ್ದಿದ್ದ ನನ್ನ ತಮ್ಮ ನಮ್ಮ ತಾಲ್ಲೂಕಿನಲ್ಲಿ ನಡೆದ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದ ಮೇಲೆ ಕುಡಿಯುವುದನ್ನು ಬಿಟ್ಟಿದ್ದಾನೆ. ಅವನ ಹಳೆಯ ಗೆಳೆಯರು ‘ಇವನಿಗೆ ಬ್ರೈನ್‌ವಾಶ್ ಮಾಡಿ ಕಳಿಸಿದ್ದಾರೆ’ ಎಂದು ಹೀಯಾಳಿಸುತ್ತಾರೆ. ಶಿಬಿರದಲ್ಲಿ ದಿನವಿಡೀ ಉಪದೇಶ, ಭಜನೆ, ಎಲ್ಲರೆದುರು ತಪ್ಪೊಪ್ಪಿಗೆ ಇದ್ದದ್ದು ನಿಜ. ಒಬ್ಬರನ್ನು ಸುಧಾರಿಸುವುದಕ್ಕೂ ಬ್ರೈನ್‌ವಾಶ್ ಮಾಡುವುದಕ್ಕೂ ವ್ಯತ್ಯಾಸವಿದೆಯೇ?
— ಓದುಗರೊಬ್ಬರು, ಸಿಂಧನೂರು

ಉತ್ತರ: ವ್ಯತ್ಯಾಸ ಖಂಡಿತ ಇದೆ, ಆದರೆ ಅದನ್ನು ಫಲಿತಾಂಶದಲ್ಲಿ ಹುಡುಕಬಾರದು. ಕುಡಿತ ಬಿಟ್ಟದ್ದು ಒಳ್ಳೆಯದಾದ್ದರಿಂದ ಬಿಡಿಸಿದ ಬಗೆಯೂ ಸರಿಯಾಗಿಯೇ ಇತ್ತು ಎಂದು ವಾದಿಸಿದರೆ, ತನ್ನ ಗುರಿ ಒಳ್ಳೆಯದೆಂದು ನಂಬಿರುವ ಪ್ರತಿಯೊಬ್ಬನಿಗೂ ಇನ್ನೊಬ್ಬರ ಮನಸ್ಸಿನ ಮೇಲೆ ಅಧಿಕಾರ ಕೊಟ್ಟಂತಾಗುತ್ತದೆ.

ಬ್ರೈನ್‌ವಾಶ್ ಎಂಬ ಭಯ ಜಗತ್ತಿನಲ್ಲಿ ಹರಡಿದ್ದು 1950ರಿಂದ 1953ರವರೆಗಿನ ಕೊರಿಯಾ ಯುದ್ಧದ ಕಾಲದಲ್ಲಿ. ಯುದ್ಧಕೈದಿಗಳ ಬಿಡುಗಡೆಯ ಹೊತ್ತಿಗೆ 21 ಅಮೆರಿಕನ್ ಸೈನಿಕರು ತಾಯ್ನಾಡಿಗೆ ಮರಳಲು ಒಪ್ಪದೆ ಚೀನಾಕ್ಕೆ ಹೋದಾಗ, ಯಾವುದೋ ಗುಪ್ತ ವಿದ್ಯೆಯ ಪ್ರಯೋಗವಾಗಿದೆ ಎಂದು ಅಮೆರಿಕದ ಜನ ಗಾಬರಿಯಾದರು. ಮರಳಿ ಬಂದ ಕೈದಿಗಳನ್ನು ಮನೋವಿಜ್ಞಾನಿಗಳು ಮಾತನಾಡಿಸಿದಾಗ ಅಂಥ ಯಾವ ವಿದ್ಯೆಯೂ ಸಿಗಲಿಲ್ಲ. ಹಸಿವು, ನಿದ್ದೆಗೇಡು, ಮನೆಯ ಪತ್ರಗಳನ್ನು ತಡೆಹಿಡಿಯುವುದು, ಕೈದಿಗಳಲ್ಲೇ ಚಾಡಿಕೋರರನ್ನು ಬೆಳೆಸಿ ಒಬ್ಬರನ್ನೊಬ್ಬರು ನಂಬದಂತೆ ಮಾಡುವುದು, ತಪ್ಪೊಪ್ಪಿಗೆಯನ್ನು ಮತ್ತೆ ಮತ್ತೆ ಬರೆಸುವುದು, ಇಷ್ಟೇ ಅಲ್ಲಿದ್ದ ಉಪಾಯಗಳು. ಅನೇಕರು ಹೇಳಿದಂತೆ ಕೇಳಿದರಾದರೂ ಮನಸಾರೆ ನಂಬಿದವರು ಬಹಳ ಕಡಿಮೆ. ಚೀನಾಕ್ಕೆ ಹೋದವರಲ್ಲೂ ಹೆಚ್ಚಿನವರು ಮುಂದಿನ ವರ್ಷಗಳಲ್ಲಿ ಹಿಂದಿರುಗಿದರು.

ನಿಮ್ಮ ತಮ್ಮ ಶಿಬಿರಕ್ಕೆ ತಾನಾಗಿ ಒಪ್ಪಿ ಹೋದನೇ, ಬೇಡವೆನಿಸಿದಾಗ ಎದ್ದು ಬರಬಹುದಿತ್ತೇ, ಅಲ್ಲಿ ನಡೆದದ್ದರಲ್ಲಿ ತನಗೆ ಹಿಡಿಸದ ಸಂಗತಿಯನ್ನು ಇಂದು ಅಂಜಿಕೆಯಿಲ್ಲದೆ ಹೇಳಬಲ್ಲನೇ ಎಂದು ಅವನನ್ನೇ ಕೇಳಿ. ಎಲ್ಲರೆದುರಿನ ತಪ್ಪೊಪ್ಪಿಗೆಯ ಬಗ್ಗೆ ನನಗೆ ಅಳುಕಿದೆ; ಅಲ್ಲಿ ಆಡಿದ ಮಾತನ್ನು ಯಾರಾದರೂ ನಂತರ ಅವನ ಮೇಲೆ ಪ್ರಯೋಗಿಸಿದ್ದರೆ ಅದು ತಪ್ಪು. ಆದರೆ ಶಿಬಿರದವರು ಯಾರೂ ಎದುರಿಗಿಲ್ಲದಾಗ, ಅದೇ ಓಣಿಯಲ್ಲಿ, ಅದೇ ಗೆಳೆಯರ ಒತ್ತಾಯದ ನಡುವೆಯೂ ಅವನು ಕುಡಿಯದೆ ಇದ್ದಾನೆಂದರೆ ಆ ನಿರ್ಧಾರ ಅವನದೇ. ದಿನವೂ ಕರೆದು, ಕೆಣಕಿ, ಮತ್ತೆ ಕುಡಿಸಲು ನೋಡುವವರದೂ ಒಂದು ಬಗೆಯ ಒತ್ತಡವೇ ಎಂಬುದನ್ನು ಆ ಗೆಳೆಯರಿಗೆ ಹೇಳಬಹುದು.

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಮಾಜಿ ದೇವದಾಸಿ ಮಹಿಳೆಯರ ನಡುವೆ ಕೆಲಸ ಮಾಡುತ್ತೇನೆ. ದೇವಿಗೆ ಬಿಟ್ಟ ಗುರುತಾಗಿ ಕೊರಳಿಗೆ ಕಟ್ಟಿದ ಮುತ್ತನ್ನು ತೆಗೆಯುವಂತೆ ತಿಳಿಹೇಳುತ್ತಿದ್ದಾಗ ಹಿರಿಯರೊಬ್ಬರು, ‘ಕಟ್ಟೂವಾಗ ಹಿರ್ಯಾರು ನನ್ನ ಕೇಳಲಿಲ್ಲ, ಬಿಚ್ಚೂವಾಗ ನೀವೂ ಕೇಳವಲ್ರಿ. ಅವ್ರೂ ತಲ್ಯಾಗ ತುಂಬಿದ್ರು, ನೀವೂ ತುಂಬಾಕ ಹತ್ತೀರಿ ಯವ್ವಾ’ ಎಂದರು. ಅಂದಿನಿಂದ ನನಗೆ ಸಮಾಧಾನವಿಲ್ಲ.
— ಓದುಗರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ಆ ತಾಯಿಯ ಮಾತಿನ ಮೊದಲರ್ಧವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅವರನ್ನು ಕೇಳದೆ ಅವರ ಕೊರಳಿಗೆ ಕೈಹಾಕುವ ಹಕ್ಕು ಯಾರಿಗೂ ಇಲ್ಲ, ಸುಧಾರಕರಿಗೂ ಇಲ್ಲ. ಉಳಿದರ್ಧವನ್ನು ಒಪ್ಪಲಾರೆ, ಏಕೆಂದರೆ ಎಳೆಯ ವಯಸ್ಸಿನ ಹುಡುಗಿಯ ಮೇಲೆ ಊರು ಹಾಕಿದ ಒತ್ತಡವೂ ನೀವು ಇಂದು ಆಡುತ್ತಿರುವ ಮಾತೂ ತೂಕದಲ್ಲಿ ಒಂದೇ ಅಲ್ಲ.

ಅವರ ತಲೆಗೆ ಈ ನಂಬಿಕೆಯನ್ನು ತುಂಬಿದ್ದು ಯಾವ ಒಬ್ಬ ವ್ಯಕ್ತಿಯೂ ಅಲ್ಲ. ಮನೆಯ ಬಡತನ, ಗಂಡುಮಗನಿಲ್ಲದ ಚಿಂತೆ, ಕಾಯಿಲೆಯ ದಿನಗಳಲ್ಲಿ ಹೊತ್ತ ಹರಕೆ, ತಲೆಯಲ್ಲಿ ಕಾಣಿಸಿಕೊಂಡ ಗಂಟುಗಟ್ಟಿದ ಜಡೆಯನ್ನು ದೇವಿಯ ಕರೆಯೆಂದು ಓದಿದ ಹಿರಿಯರು, ಜಾತಿಯ ಕಟ್ಟು, ಇವೆಲ್ಲ ಸೇರಿ ‘ಇದು ನಿನ್ನ ಪಾಲಿಗೆ ಬಂದದ್ದು’ ಎಂದು ಹೇಳಿದವು. ಯುದ್ಧಕೈದಿಯ ಮೇಲಿನ ಒತ್ತಡ ಬಿಡುಗಡೆಯ ದಿನ ಮುಗಿಯಿತು. ಸಮಾಜದ ಒತ್ತಡಕ್ಕೆ ಅಂಥ ಬಿಡುಗಡೆಯ ದಿನವೇ ಇಲ್ಲ, ಆದ್ದರಿಂದ ಹೊರಗಿನಿಂದ ನೋಡುವವರಿಗೆ ನಂಬಿಕೆಯೂ ನಿರುಪಾಯವೂ ಒಂದೇ ಬಗೆಯಾಗಿ ಕಾಣುತ್ತವೆ. ಎಷ್ಟೋ ಸಲ ಅನುಭವಿಸಿದವರಿಗೂ ಅವನ್ನು ಬೇರ್ಪಡಿಸಿ ಹೇಳುವುದು ಸುಲಭವಲ್ಲ.

ಸಾಲೊಮನ್ ಆಶ್ ಎಂಬ ಮನೋವಿಜ್ಞಾನಿ 1950ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಇಲ್ಲಿ ನೆರವಾಗುತ್ತವೆ. ಗೆರೆಗಳ ಉದ್ದವನ್ನು ಹೋಲಿಸುವ ಅತಿ ಸರಳ ಕೆಲಸವದು. ಮೊದಲೇ ಹೇಳಿಕೊಟ್ಟಿದ್ದ ಜೊತೆಗಾರರೆಲ್ಲ ಒಂದೇ ತಪ್ಪು ಉತ್ತರ ಹೇಳಿದಾಗ, ಸುಮಾರು ನಾಲ್ಕರಲ್ಲಿ ಮೂರು ಪಾಲು ಜನ ಕಣ್ಣೆದುರಿನ ಸತ್ಯವನ್ನು ಬಿಟ್ಟು ಒಮ್ಮೆಯಾದರೂ ಅದೇ ತಪ್ಪನ್ನು ಹೇಳಿದರು. ಗುಂಪಿನಲ್ಲಿ ಒಬ್ಬನಾದರೂ ಸರಿಯುತ್ತರ ಹೇಳಿದರೆ ಈ ಮಣಿಯುವಿಕೆ ಬಹುಪಾಲು ಕುಗ್ಗುತ್ತಿತ್ತು. ಸುಧಾರಕರಿಗೆ ನ್ಯಾಯವಾಗಿ ಸಲ್ಲುವ ಜಾಗ ಆ ಒಬ್ಬನದು: ಊರೆಲ್ಲ ಒಂದು ಹೇಳುವಾಗ ಇನ್ನೊಂದೂ ಇದೆಯೆಂದು ಹೇಳಿ, ತೀರ್ಮಾನವನ್ನು ಕೇಳುವವರಿಗೇ ಬಿಡುವುದು.

ಕರ್ನಾಟಕದ 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯನ್ನು ನಾನು ಈ ಕಾರಣಕ್ಕಾಗಿಯೇ ಗೌರವಿಸುತ್ತೇನೆ. ಅದು ಮುತ್ತು ಕಟ್ಟುವುದನ್ನು ಅಪರಾಧವೆಂದಿತು, ಸಮರ್ಪಿತಳಾದ ಹೆಣ್ಣು ಮದುವೆಯಾದರೆ ಆ ಕಾರಣಕ್ಕೆ ಮದುವೆ ಅಸಿಂಧುವಾಗದು ಎಂದಿತು. ದೇವಿಯನ್ನು ನಂಬಬೇಡವೆಂದು ಯಾರಿಗೂ ಹೇಳಲಿಲ್ಲ. ಮುಂದೆ ಪುನರ್ವಸತಿ ಯೋಜನೆಯೂ ಮಾಸಾಶನವೂ ಬಂದವು. ನಮ್ಮ ಈ ಜಿಲ್ಲೆಗಳಲ್ಲಿ ಮಾಜಿ ದೇವದಾಸಿಯರೇ ಸಂಘ ಕಟ್ಟಿಕೊಂಡು, ಮಾಸಾಶನ ಹೆಚ್ಚಿಸಿ, ನಿವೇಶನ ಕೊಡಿ ಎಂದು ಧರಣಿ ಕೂತಿದ್ದಾರೆ. ತಲೆಗೆ ತುಂಬಿಸಿಕೊಂಡವರು ತುಂಬಿದವರನ್ನೇ ಎದುರಿಸಿ ಹೀಗೆ ಲೆಕ್ಕ ಕೇಳುವುದಿಲ್ಲ.

ಆದ್ದರಿಂದ ಆ ಹಿರಿಯರ ಬಳಿಗೆ ಮತ್ತೆ ಹೋಗಿ, ಮುತ್ತಿನ ಮಾತೆತ್ತದೆ ಕುಳಿತು ಅವರಿಗೇನು ಬೇಕೆಂದು ಕೇಳಿ. ನಿಂತುಹೋದ ಮಾಸಾಶನವಿರಬಹುದು, ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರು ಕೇಳಿದಾಗ ತಲೆ ತಗ್ಗಿಸುವ ಮೊಮ್ಮಗಳಿರಬಹುದು, ಆ ಕೆಲಸಗಳನ್ನು ಮೊದಲು ಹಿಡಿಯಿರಿ. ಎಲ್ಲ ಕೇಳಿದ ಮೇಲೂ ಅವರು ಮುತ್ತನ್ನು ಉಳಿಸಿಕೊಳ್ಳುತ್ತೇನೆ ಎಂದರೆ ಉಳಿಸಿಕೊಳ್ಳಲಿ, ನೀವು ಅವರ ಮನೆಗೆ ಹೋಗುವುದನ್ನು ನಿಲ್ಲಿಸಬೇಡಿ. ಆದರೆ ಯಾವುದೇ ಮನೆಯಲ್ಲಿ ಹೆಣ್ಣುಮಗುವಿಗೆ ಮುತ್ತು ಕಟ್ಟುವ ಸಿದ್ಧತೆ ನಡೆದಿದೆಯೆಂದು ತಿಳಿದರೆ ತಿಳಿಹೇಳುತ್ತ ಕಾಲ ಕಳೆಯಬೇಡಿ. ಮಗುವಿನ ಒಪ್ಪಿಗೆ ಎಂಬುದು ಅಲ್ಲಿ ಇರಲು ಸಾಧ್ಯವೇ ಇಲ್ಲ; ಆ ಕೂಡಲೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಪೊಲೀಸರಿಗೂ ತಿಳಿಸಿ.