ಲ್ಯಾಂಬ್ ಶಿಫ್ಟ್ ಅಳೆಯಲು ಮೈಕ್ರೋವೇವ್ ಯಾಕೆ ಬೇಕಾಯ್ತು?

ಹೈಡ್ರೋಜನ್ ಪರಮಾಣುವಿನ 2ಎಸ್, 2ಪಿ ಎಂಬ ಎರಡು ಶಕ್ತಿಮಟ್ಟಗಳ ನಡುವಿನ ಸಣ್ಣ ಅಂತರವೇ ಲ್ಯಾಂಬ್ ಶಿಫ್ಟ್. ಅದನ್ನು ಹೈಡ್ರೋಜನ್ ಚೆಲ್ಲುವ ಬೆಳಕಿನ ಗೆರೆಗಳಲ್ಲೇ (ನಿರ್ದಿಷ್ಟ ಬಣ್ಣಗಳಲ್ಲೇ) ಅಳೆಯಬಹುದಿತ್ತಲ್ವಾ, ಮೈಕ್ರೋವೇವ್ ಯಾಕೆ ಅಂತ ಕೇಳಿದ್ದೀರಿ. ಅಡ್ಡ ಬಂದದ್ದು ಡಾಪ್ಲರ್ ಪರಿಣಾಮ, ಅಂದರೆ ಓಡುವ ಪರಮಾಣುವಿನ ಬೆಳಕಿನ ಆವರ್ತನ ಆಚೀಚೆ ಸರಿಯುವುದು. ಹೈಡ್ರೋಜನ್ ಎಲ್ಲಕ್ಕಿಂತ ಹಗುರ, ಅದರ ಪರಮಾಣುಗಳ ಓಟವೂ ಜಾಸ್ತಿ. ಕೋಣೆಯ ಬಿಸಿಯಲ್ಲೇ ಅದರ ಕೆಂಪು ಗೆರೆ ಸುಮಾರು 6,000 ಮೆಗಾಹರ್ಟ್ಸ್ ಅಗಲಕ್ಕೆ ಹರಡಿಕೊಳ್ಳುತ್ತದೆ. ನೀವು ಕೇಳಿದ ಅಂತರವೋ ಬರೀ 1,058 ಮೆಗಾಹರ್ಟ್ಸ್! ಆವರ್ತನ ಕಡಿಮೆಯಾದಷ್ಟೂ ಈ ಹರಡುವಿಕೆಯೂ ಕಡಿಮೆ. ಹಾಗಾಗಿ ಆ ಸಣ್ಣ ಅಂತರವನ್ನು ನೇರವಾಗಿ ಮೈಕ್ರೋವೇವಿನಿಂದ ಅಳೆದರೆ ಡಾಪ್ಲರ್ ಲೆಕ್ಕಕ್ಕೇ ಬರುವುದಿಲ್ಲ.

1947ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿಗಳಾದ ಲ್ಯಾಂಬ್ ಮತ್ತು ರೆದರ್‌ಫೋರ್ಡ್ ಮಾಡಿದ್ದು ಇದನ್ನೇ. ಅವರ ಉಪಾಯ ನನಗೆ ಬಲು ಇಷ್ಟ. ತನ್ನ ಪಾಡಿಗೆ ಬಿಟ್ಟರೆ 2ಎಸ್ ಸುಮಾರು 0.12 ಸೆಕೆಂಡ್ ಉಳಿಯುತ್ತದೆ. 2ಪಿ 1.6 ನ್ಯಾನೋಸೆಕೆಂಡಿನಲ್ಲೇ ಬೆಳಕು ಚೆಲ್ಲಿ ತಳಮಟ್ಟಕ್ಕೆ ಬೀಳುತ್ತದೆ. 2ಎಸ್ ಪರಮಾಣು ಟಂಗ್‌ಸ್ಟನ್ ತಗಡಿಗೆ ಬಡಿದರೆ ಎಲೆಕ್ಟ್ರಾನ್ ಚಿಮ್ಮುತ್ತದೆ, ಮೀಟರಿನಲ್ಲಿ ಕರೆಂಟ್ ಕಾಣುತ್ತದೆ. ದಾರಿಯಲ್ಲಿ ಸರಿಯಾದ ಮೈಕ್ರೋವೇವ್ ತಾಗಿತೋ, ಅದು 2ಪಿಗೆ ಜಾರಿ ತಗಡು ಮುಟ್ಟುವ ಮೊದಲೇ ತಳ ಸೇರುತ್ತದೆ. ಕರೆಂಟ್ ಇಳಿಯುತ್ತದೆ. ಕಾಂತಕ್ಷೇತ್ರ ಬದಲಾದಂತೆ ಮಟ್ಟಗಳ ಅಂತರವೂ ಬದಲಾಗುತ್ತದೆ. ಹಾಗಾಗಿ ಅವರು ಮೈಕ್ರೋವೇವಿನ ಆವರ್ತನವನ್ನು ಹಾಗೇ ಇಟ್ಟು, ಕಾಂತಕ್ಷೇತ್ರವನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಕರೆಂಟ್ ಎಲ್ಲಿ ಇಳಿಯುತ್ತದೆ ಅಂತ ನೋಡಿದರು.

ಇಲ್ಲೂ ಒಂದು ಮಿತಿ ಇದೆ. 2ಪಿಯ ಆಯಸ್ಸು ಅಷ್ಟು ಕಡಿಮೆಯಾದ್ದರಿಂದ ಕರೆಂಟ್ ಇಳಿಯುವುದನ್ನು ತೋರಿಸುವ ಈ ಗೆರೆಯೂ ಸುಮಾರು 100 ಮೆಗಾಹರ್ಟ್ಸ್ ಅಗಲ. ಅದರ ನಡುಬಿಂದುವನ್ನು ಹಿಡಿಯುವುದೇ ನಿಜವಾದ ಕಷ್ಟ.