ಮಲಗುವಾಗ ಒಬ್ಬರು, ಏಳುವಾಗ ಇನ್ನೊಬ್ಬರು

ಶಿವಮೊಗ್ಗದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: “2023ರ ಮೇ 13ರ ರಾತ್ರಿ ಬೆಂಗಳೂರಿನ ಜಯನಗರ ಕ್ಷೇತ್ರದ ಫಲಿತಾಂಶಕ್ಕಾಗಿ ಟಿವಿ ಮುಂದೆ ಕೂತಿದ್ದೆ. ಕಾಂಗ್ರೆಸ್ಸಿನ ಸೌಮ್ಯ ರೆಡ್ಡಿ ಗೆದ್ದರು ಅಂತ ಬಂತು. ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಬಿಜೆಪಿಯ ಸಿ.ಕೆ. ರಾಮಮೂರ್ತಿ 16 ಮತಗಳಿಂದ ಗೆದ್ದಿದ್ದರು. ಅವತ್ತಿನಿಂದ ನನ್ನ ಮಗ ಎಣಿಕೆಯನ್ನೇ ನಂಬುವುದಿಲ್ಲ. ಕತ್ತಲಾದ ಮೇಲೆ ನಿಲ್ಲಿಸಿ, ಬೆಳಿಗ್ಗೆ ಮುಂದುವರಿಸಬಾರದೇ?”

ಹಿರಿಯರೇ, ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗನ ಅನುಮಾನಕ್ಕಿಂತ ನಿಮ್ಮ ಕೊನೆಯ ಪ್ರಶ್ನೆಯೇ ನನ್ನನ್ನು ಜಾಸ್ತಿ ಕಾಡಿತು. ಅದಕ್ಕೇ ಮೊದಲು ಉತ್ತರ ಕೊಡುತ್ತೇನೆ. ಬೇಡ. ದಯವಿಟ್ಟು ಬೇಡ.

ಎಣಿಕೆ ಶುರುವಾದ ಮೇಲೆ ಆದಷ್ಟೂ ನಿಲ್ಲಿಸದೆ ಮುಗಿಸಬೇಕು ಅಂತ ಚುನಾವಣಾ ನಿಯಮವೇ ಹೇಳುತ್ತದೆ. ನಿಲ್ಲಿಸಲೇಬೇಕಾಗಿ ಬಂದರೆ ಎಲ್ಲ ಮತಪತ್ರ, ಯಂತ್ರಗಳಿಗೆ ಸೀಲ್ ಹಾಕಬೇಕು. ಅಭ್ಯರ್ಥಿಗಳು, ಏಜೆಂಟರು ಬಯಸಿದರೆ ತಮ್ಮ ಸೀಲನ್ನೂ ಒತ್ತಬಹುದು. ಇಷ್ಟು ಬಿಗಿ ಯಾಕೆ? ನಿದ್ದೆಗೆಟ್ಟ ಕಣ್ಣು ತಪ್ಪು ಮಾಡಬಹುದು, ನಿಜ. ಆದರೆ ಆ ತಪ್ಪನ್ನು ಎದುರಿಗೆ ಕೂತ ಇನ್ನೊಂದು ಕಣ್ಣು ಹಿಡಿಯುತ್ತದೆ. ಅರ್ಧ ಎಣಿಸಿದ ಮತಗಳು ಬೀಗ ಹಾಕಿದ ಕೋಣೆಯಲ್ಲಿ ರಾತ್ರಿಯಿಡೀ ಬಿದ್ದಿದ್ದರೆ ಸೋತವರು ಹೇಗೆ ಸುಮ್ನಿರುತ್ತಾರೆ, ಹೇಳಿ?

1994ರ ಡಿಸೆಂಬರ್. ಜನತಾ ದಳ ಗೆದ್ದು ದೇವೇಗೌಡರು ಮುಖ್ಯಮಂತ್ರಿಯಾದ ಚುನಾವಣೆ. ನಾನು ಆಗ ಹೊಸ ವರದಿಗಾರ. ತುಮಕೂರಿನ ಕಾಲೇಜೊಂದರಲ್ಲಿ ಎಣಿಕೆ. ಆಗ ಕಾಗದದ ಮತಪತ್ರ. ಪೆಟ್ಟಿಗೆ ಒಡೆದು ನೇರವಾಗಿ ಎಣಿಸುವ ಹಾಗಿರಲಿಲ್ಲ. 25ರ ಕಟ್ಟು ಕಟ್ಟಿ, ಎಲ್ಲ ಬೂತುಗಳ ಕಟ್ಟುಗಳನ್ನೂ ಡ್ರಮ್ಮಿಗೆ ಹಾಕಿ ಕಲಸಬೇಕಿತ್ತು. ಯಾವ ಊರಿನವರು ಯಾರಿಗೆ ಹಾಕಿದರು ಅಂತ ಗೊತ್ತಾಗಬಾರದಲ್ವಾ, ಅದಕ್ಕೆ. ಆಮೇಲೆ ಸಾವಿರ ಸಾವಿರದ ಲೆಕ್ಕದಲ್ಲಿ ಮೇಜುಗಳಿಗೆ ಹಂಚಿಕೆ. ಇದೆಲ್ಲ ಮುಗಿಯುವ ಹೊತ್ತಿಗೆ ಹೊತ್ತು ಇಳಿದಿತ್ತು. ಗೇಟಿನಾಚೆ ಜನ ಶಾಲು ಹೊದ್ದು, ಟ್ರಾನ್ಸಿಸ್ಟರ್ ಸುತ್ತ ಕೂತಿದ್ದರು.

ರಾತ್ರಿ ಎರಡೂವರೆ ಇರಬೇಕು. ಒಂದು ಮತಪತ್ರದಲ್ಲಿ ಎರಡು ಚಿಹ್ನೆಗಳ ಮೇಲೆ ಮೊಹರು ಕಂಡಿತು. ಒಂದು ಕಡೆ ಗಾಢ, ಇನ್ನೊಂದು ಕಡೆ ಮಸುಕು. ಜಾಲರಿಯಾಚೆಯಿಂದ ಒಬ್ಬ ಏಜೆಂಟ್ “ಅದು ಕುಲಗೆಟ್ಟ ಓಟು ಸಾರ್, ತೆಗೆದುಹಾಕಿ” ಅಂತ ಕೂಗಿದ. ಚುನಾವಣಾಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಕಾಗದವನ್ನು ಟ್ಯೂಬ್‌ಲೈಟಿಗೆ ಹಿಡಿದರು. ಆ ಮೊಹರಿನಲ್ಲಿ ಬಾಣದಂಥ ಗೆರೆಗಳಿವೆ, ಎಲ್ಲವೂ ಒಂದೇ ದಿಕ್ಕಿಗೆ ತಿರುಗಿರುತ್ತವೆ. ಹಸಿ ಮಸಿಯಲ್ಲೇ ಕಾಗದ ಮಡಿಚಿದಾಗ ಬೀಳುವ ಅಚ್ಚಿನಲ್ಲಿ ಬಾಣಗಳು ಉಲ್ಟಾ ಇರುತ್ತವೆ. ಅವರು ಕಾಗದವನ್ನು ಹಳೆಯ ಮಡಿಕೆಯಲ್ಲೇ ಮತ್ತೆ ಮಡಿಚಿ, ಬಿಚ್ಚಿ, ಜಾಲರಿಯ ಹತ್ತಿರ ತಂದು ಆ ಏಜೆಂಟನಿಗೇ ತೋರಿಸಿದರು. ಆತ ಬಗ್ಗಿ ನೋಡಿದ. “ಹೌದು ಸಾರ್. ಅದು ಅವರದ್ದೇ” ಅಂದ. ಸೋಲುತ್ತಿದ್ದದ್ದು ಅವನ ಕಡೆಯವರು. ನಾನು ಇವತ್ತಿಗೂ ಎಣಿಕೆಯನ್ನು ನಂಬುವುದು ಆ ಒಂದು ನಿಮಿಷದ ಬಲದ ಮೇಲೆ.

2004ರಲ್ಲಿ ರಾಜ್ಯವಿಡೀ ಯಂತ್ರ ಬಂತು. ಸಾಮಾನ್ಯವಾಗಿ ಸಂಜೆಯೊಳಗೆ ಎಲ್ಲ ಮುಗಿಯುತ್ತದೆ. ಹಾಗಾಗಿ ಈಗ ರಾತ್ರಿಯಾದರೆ ನಮಗೆ ಏನೋ ಎಡವಟ್ಟಾಗಿದೆ ಅನಿಸುತ್ತದೆ. ಅಂತರ ತೀರಾ ಕಡಿಮೆಯಾದಾಗ ಹೊತ್ತಾಗುವುದು ಸಹಜ. ಆ 2004ರ ಮೇ 13ರಂದೇ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಒಂದೇ ಒಂದು ಮತದ ಸೋಲು. ಸರಿಯಾಗಿ 19 ವರ್ಷದ ನಂತರ, ನೀವು ಜಯನಗರಕ್ಕಾಗಿ ಕಾದ ಅದೇ ದಿನ, ಕೃಷ್ಣಮೂರ್ತಿ ಕೊಳ್ಳೇಗಾಲದಿಂದ ಗೆದ್ದರು. ಧ್ರುವನಾರಾಯಣ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮಗ ಅದೇ ದಿನ ನಂಜನಗೂಡಿನಿಂದ ಗೆದ್ದರು.

ಈಗ ಜಯನಗರ. ಅಂತಿಮ ಲೆಕ್ಕ 57,797 ಮತ್ತು 57,781. ಜಗಳ ಇದ್ದದ್ದು ಅಂಚೆ ಮತಗಳ ಮೇಲೆ. ಅಂಚೆ ಮತ ಅಂದರೆ ಬರೀ ಮತಪತ್ರ ಅಲ್ಲ, ಜೊತೆಗೊಂದು ಘೋಷಣಾ ಪತ್ರ ಇರುತ್ತದೆ. ಅದರಲ್ಲಿ ಮತದಾರರ ಸಹಿ ಬೇಕು, ಅಧಿಕಾರಿಯ ದೃಢೀಕರಣ ಬೇಕು. ಒಂದು ಸಹಿ ತಪ್ಪಿದರೂ ಮತದ ಲಕೋಟೆಯನ್ನು ಒಡೆಯದೆಯೇ ಪಕ್ಕಕ್ಕಿಡುತ್ತಾರೆ. 2023ರಲ್ಲಿ 80 ದಾಟಿದವರಿಗೂ ಅಂಗವಿಕಲರಿಗೂ ಮನೆಯಿಂದಲೇ ಮತ ಹಾಕುವ ಅವಕಾಶವಿತ್ತು. ಅವೂ ಈ ಲೆಕ್ಕಕ್ಕೇ ಸೇರುತ್ತವೆ. ಗೆಲುವಿನ ಅಂತರಕ್ಕಿಂತ ತಿರಸ್ಕಾರವಾದ ಅಂಚೆ ಮತಗಳೇ ಹೆಚ್ಚಿದ್ದರೆ, ಫಲಿತಾಂಶ ಘೋಷಿಸುವ ಮೊದಲು ಅವಷ್ಟನ್ನೂ ಮತ್ತೆ ಪರಿಶೀಲಿಸಬೇಕು, ಅದರ ವಿಡಿಯೋ ಆಗಬೇಕು ಅಂತ ಆಯೋಗದ ಸೂಚನೆ ಇದೆ. ಮೊದಲು ತಿರಸ್ಕಾರವಾದವನ್ನು ಮತ್ತೆ ಲೆಕ್ಕಕ್ಕೆ ತಂದದ್ದು ಸರಿಯಲ್ಲ ಅನ್ನುವುದು ಅವತ್ತಿನ ಕಾಂಗ್ರೆಸ್ ಆಕ್ಷೇಪ. ಅದು ಗಟ್ಟಿ ಆಕ್ಷೇಪವೇ. ಆದರೆ ಅದು ಯಾವ ಮತ ಸಿಂಧು, ಯಾವುದು ಅಲ್ಲ ಅನ್ನುವ ವಾದ. ಘೋಷಣೆಗೆ ಮುಂಚೆ ಅಭ್ಯರ್ಥಿ ಮರು ಎಣಿಕೆ ಕೇಳಬಹುದು. ಅಧಿಕಾರಿ ಒಪ್ಪದಿದ್ದರೆ ಕಾರಣವನ್ನು ಬರೆದು ಕೊಡಬೇಕು. ಘೋಷಣೆಯಾದ ಮೇಲೆ 45 ದಿನದೊಳಗೆ ಹೈಕೋರ್ಟಿಗೆ ಹೋಗಬೇಕು.

ನೀವು ಮಲಗುವ ಮುಂಚೆ ನೋಡಿದ್ದು ಟಿವಿಯವರು ಕೊಟ್ಟ ಸುದ್ದಿ. ಸಹಿ ಬಿದ್ದ ಫಲಿತಾಂಶ ಬಂದದ್ದು ಆಮೇಲೆ. ಇದನ್ನು ಮಗನಿಗೆ ಬಿಡಿಸಿ ಹೇಳಿ. ಮುನ್ನಡೆ ಅಂದರೆ ಅಲ್ಲಿಯವರೆಗೆ ಎಣಿಸಿದ ಬೂತುಗಳ ಲೆಕ್ಕ, ಅಷ್ಟೇ. ಸಾಮಾನ್ಯವಾಗಿ 14 ಮೇಜು, ಒಂದು ಸುತ್ತಿಗೆ 14 ಬೂತು. ಮೊದಲ ಸುತ್ತುಗಳಲ್ಲಿ ಒಂದು ಬಡಾವಣೆ ಬಂದರೆ ಕೊನೆಯ ಸುತ್ತುಗಳಲ್ಲಿ ಇನ್ನೊಂದು ಬರುತ್ತದೆ. ಬಡಾವಣೆ ಬದಲಾದ ಹಾಗೆ ಮುನ್ನಡೆಯೂ ಬದಲಾಗುತ್ತದೆ. ಅದರ ಮೇಲೆ ಐದು ಬೂತುಗಳನ್ನು ಚೀಟಿ ಎತ್ತಿ ಆರಿಸಿ, ವಿವಿಪ್ಯಾಟ್ ಚೀಟಿಗಳನ್ನು, ಅಂದರೆ ಮತ ಯಾರಿಗೆ ಬಿತ್ತು ಅಂತ ಯಂತ್ರ ಮುದ್ರಿಸಿದ ಕಾಗದದ ಚೀಟಿಗಳನ್ನು, ಕೈಯಲ್ಲೇ ಎಣಿಸಬೇಕು. ಇದು 2019ರ ಸುಪ್ರೀಂ ಕೋರ್ಟ್ ಆದೇಶ. ಮುಂದಿನ ಸಲ ರಾತ್ರಿ ಕೂತು ನೋಡುವಾಗ ಎಷ್ಟು ಮತದ ಮುನ್ನಡೆ ಅಂತ ಮಾತ್ರ ನೋಡಬೇಡಿ. ಎಷ್ಟು ಸುತ್ತು ಉಳಿದಿದೆ, ಅಂಚೆ ಮತ ಮುಗಿದಿದೆಯೇ ಅಂತಲೂ ನೋಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಮಗನ ಕಡೆ. ಒಳಗೆ ಮರು ಎಣಿಕೆ ನಡೆಯುವಾಗ ಹೊರಗೆ ನಿಂತವರಿಗೆ ಏನೂ ತಿಳಿಯುವುದಿಲ್ಲ. ಏನು ಎಣಿಸುತ್ತಿದ್ದೇವೆ, ಯಾಕೆ ಎಣಿಸುತ್ತಿದ್ದೇವೆ, ಎಷ್ಟು ಬಾಕಿ ಇದೆ ಅಂತ ಅರ್ಧ ಗಂಟೆಗೊಮ್ಮೆ ಮೈಕಿನಲ್ಲಿ ಹೇಳಲು ಏನು ಕಷ್ಟ? ಯಾರೂ ಏನೂ ಹೇಳದಿದ್ದಾಗಲೇ ಗಾಳಿಸುದ್ದಿ ಹುಟ್ಟುವುದು. ಇದನ್ನು ನಾನು ಹಿಂದೆಯೂ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.

ಮಗನಿಗೆ ಒಂದು ಕೆಲಸ ಕೊಡಿ. ಮತದಾನ ಮುಗಿದ ಸಂಜೆ ಪ್ರತಿ ಬೂತಿನಲ್ಲೂ ಒಟ್ಟು ಎಷ್ಟು ಮತ ಬಿತ್ತು ಅಂತ ನಮೂನೆ 17-ಸಿಯಲ್ಲಿ ಬರೆದು, ಅದರ ನಕಲನ್ನು ಏಜೆಂಟರಿಗೆ ಕೊಡುತ್ತಾರೆ. ಎಣಿಕೆಯ ನಂತರ ನಮೂನೆ 20ರಲ್ಲಿ ಬೂತುವಾರು ಲೆಕ್ಕ ಬರುತ್ತದೆ. ನಿಮ್ಮ ಬೀದಿಯಲ್ಲಿ ಯಾವುದೋ ಪಕ್ಷದ ಏಜೆಂಟ್ ಇದ್ದೇ ಇರುತ್ತಾರೆ. ಅವರ ಹತ್ತಿರ ನಿಮ್ಮ ಬೂತಿನ 17-ಸಿ ಕೇಳಿ ಪಡೆಯಲಿ. ನಮೂನೆ 20ರ ಪಕ್ಕದಲ್ಲಿಟ್ಟು ತಾಳೆ ನೋಡಲಿ. ಹೊಂದದಿದ್ದರೆ ನನಗೆ ಬರೆಯಲಿ, ಎರಡೂ ಕಾಗದದ ನಕಲು ಜೊತೆಗಿರಲಿ. ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.

— ಸಂಪಾದಕ