ಹೊಟ್ಟೆ ಉಬ್ಬರಕ್ಕೆ ಪ್ರೋಬಯಾಟಿಕ್ ಡಬ್ಬಿ ಬೇಕಾ, ಮನೆಯ ತಂಬುಳಿ ಸಾಕಾ?

ಡಬ್ಬಿಗೆ ಈಗಲೇ ದುಡ್ಡು ಕೊಡಬೇಡಿ. ಅಮ್ಮ ಹೇಳಿದ ತಂಬುಳಿಯನ್ನು ಇವತ್ತಿನಿಂದಲೇ ಶುರು ಮಾಡಿ. ಆದರೆ ಇವೆರಡಕ್ಕಿಂತ ಮುಖ್ಯವಾಗಿ ಒಂದು ರಕ್ತಪರೀಕ್ಷೆ ಮಾಡಿಸಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನೀವು ಬರೆದದ್ದು ಇಷ್ಟು: ವಯಸ್ಸು 31, ಬೆಂಗಳೂರಿನ ಕೆಲಸವನ್ನು ಶಿವಮೊಗ್ಗದ ಮನೆಯಿಂದಲೇ ಮಾಡುತ್ತೀರಿ, ಸಸ್ಯಾಹಾರಿ. ವರ್ಷದಿಂದ ಊಟವಾದ ಕೂಡಲೇ ಹೊಟ್ಟೆ ಉಬ್ಬುತ್ತದೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಪ್ಯಾಂಟೊಪ್ರಜೋಲ್, ಅಂದರೆ ಆಮ್ಲ ತಗ್ಗಿಸುವ ಗ್ಯಾಸಿನ ಮಾತ್ರೆ. ಯಾವಾಗಲೂ ಸುಸ್ತು. ಪರಿಚಯದವರೊಬ್ಬರು ಪ್ರೋಬಯಾಟಿಕ್ (ಹೊಟ್ಟೆಗೆ ಒಳ್ಳೆಯದು ಅನ್ನುವ ಜೀವಂತ ಬ್ಯಾಕ್ಟೀರಿಯಾ) ಕ್ಯಾಪ್ಸೂಲು ಮತ್ತು ತೂಕ ಇಳಿಸುತ್ತದೆ ಅನ್ನುವ ಗಾರ್ಸಿನಿಯಾ ಮಾತ್ರೆ ಸೇರಿಸಿ ತಿಂಗಳಿಗೆ ಎರಡು ಸಾವಿರಕ್ಕೆ ಕೊಡುತ್ತೇನೆ ಅಂದಿದ್ದಾರೆ. ಅಮ್ಮ "ಅದೆಲ್ಲ ಯಾಕೆ, ತಂಬುಳಿ ಉಣ್ಣು" ಅಂದಿದ್ದಾರೆ.

ಓದುವಾಗ ನನ್ನದೇ ಕಥೆ ಯಾರೋ ಬರೆದ ಹಾಗಾಯಿತು. ನಾನು ಡಾಕ್ಟರ್ ಅಲ್ಲ. ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ತವರು ಸಾಗರದ ಕಡೆ, ಅಡಿಕೆ ತೋಟದ ಮನೆ. ಮೂರು ವರ್ಷ ನಾನೂ ಅದೇ ಗ್ಯಾಸಿನ ಮಾತ್ರೆ ನುಂಗಿದೆ. ಮೊದಲು ಡಾಕ್ಟರು ಬರೆದದ್ದು ಹದಿನೈದೇ ದಿನಕ್ಕೆ. ಆಮೇಲೆ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಡುತ್ತಿದ್ದರು, ನಾನು ತರುತ್ತಿದ್ದೆ. ಹೊಟ್ಟೆ ಹಗುರಾಗಲಿಲ್ಲ, ಜೊತೆಗೆ ಸುಸ್ತು ಸೇರಿಕೊಂಡಿತು. ಆಗ ಪರಿಚಯದ ಒಬ್ಬರು ಸರಪಳಿ ಮಾರಾಟದ ಡಬ್ಬಿಗಳನ್ನು ಮನೆಗೇ ತಂದರು: ಒಂದು ಪ್ರೋಬಯಾಟಿಕ್, ಒಂದು ಡಿಟಾಕ್ಸ್ ಚಹಾ, ಒಂದು ಗಾರ್ಸಿನಿಯಾ. ಎಂಟು ತಿಂಗಳು ತಗೊಂಡೆ. ಕೊನೆಗೆ ಪಾದದಲ್ಲಿ ಜುಮುಜುಮು ಶುರುವಾಯಿತು. ತರಗತಿಯಲ್ಲಿ ಬೋರ್ಡಿನ ಹತ್ತಿರ ನಿಂತಾಗ ಚಪ್ಪಲಿ ಕಾಲಿನಲ್ಲಿದೆಯೋ ಇಲ್ಲವೋ ಅಂತ ಬಗ್ಗಿ ನೋಡಿಕೊಳ್ಳುವ ಸ್ಥಿತಿ ಬಂತು.

ಆಗ ನಾನು ಹೋದ ಡಾಕ್ಟರು ಬೇರೆ ಏನೂ ಮಾಡುವ ಮೊದಲು ವಿಟಮಿನ್ ಬಿ12 ರಕ್ತಪರೀಕ್ಷೆ ಬರೆದರು. ಮಿಲಿಲೀಟರಿಗೆ 148 ಪಿಕೋಗ್ರಾಂ. 200ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆ ಅಂತಲೇ ಲೆಕ್ಕ.

ನನ್ನ ಪಾಠದ ವಿಷಯವೇ ನನಗೆ ಹೊಳೆದಿರಲಿಲ್ಲ. ಬಿ12 ಗಿಡಮರಗಳಿಂದ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ, ಇಷ್ಟರಲ್ಲೇ. ನಮ್ಮಂಥ ಸಸ್ಯಾಹಾರಿ ಮನೆಗಳಿಗೆ ಹಾಲು ಮೊಸರೇ ಗತಿ. ಅದರಲ್ಲಿರುವ ಅಷ್ಟಿಷ್ಟು ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಬಿಡಿಸಿಕೊಡುವುದು ಹೊಟ್ಟೆಯ ಆಮ್ಲ. ಆ ಆಮ್ಲವನ್ನೇ ದಿನಾ ಬೆಳಿಗ್ಗೆ ಮಾತ್ರೆ ನುಂಗಿ ತಗ್ಗಿಸುತ್ತಾ ಬಂದರೆ ಬಿ12 ಒಳಗೆ ಹೋದರೂ ಮೈಗೆ ಹತ್ತುವುದು ಕಮ್ಮಿಯಾಗುತ್ತದೆ. ಯಕೃತ್ತಿನಲ್ಲಿ ವರ್ಷಗಟ್ಟಲೆಯ ದಾಸ್ತಾನು ಇರುವುದರಿಂದ ಕೂಡಲೇ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ನರಕ್ಕೆ ಪೆಟ್ಟು ಬಿದ್ದಿರಬಹುದು. ಮನೆಯಲ್ಲಿ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುವವರಿದ್ದರೆ ಅವರಿಗೂ ಇದೇ ಮಾತು, ಆ ಮಾತ್ರೆಯೂ ಬಿ12 ಇಳಿಸುತ್ತದೆ.

ನನಗೆ ಇಂಜೆಕ್ಷನ್ ಕೊಟ್ಟರು, ಆಮೇಲೆ ಮಾತ್ರೆ. ಜುಮುಜುಮು ಹೋಗುವುದಕ್ಕೆ ಐದು ತಿಂಗಳು ಬೇಕಾಯಿತು. ಮನೆಗೆ ತಂದ ಆ ಮೂರು ಡಬ್ಬಿಗಳ ಲೇಬಲ್ ಆಮೇಲೆ ಕೂತು ಓದಿದೆ. ಒಂದರಲ್ಲೂ ಬಿ12 ಇರಲಿಲ್ಲ. ಅದಕ್ಕೇ ಹೇಳುವುದು, ಪೂರಕ ಅಂತ ತಗೊಳ್ಳುವುದಾದರೆ ಏನು ಕೊರತೆ ಅಂತ ಗೊತ್ತಾದ ಮೇಲೆ ತಗೊಳ್ಳಿ. ಬಿ12, ವಿಟಮಿನ್ ಡಿ, ಹಿಮೋಗ್ಲೋಬಿನ್, ಥೈರಾಯ್ಡ್, ಇಷ್ಟು ನೋಡಿಸಿ. ಕೊರತೆ ಇದ್ದರೆ ಮಾತ್ರೆ ತಗೊಳ್ಳಲೇಬೇಕು, ಅದನ್ನು ಯಾವ ಸೊಪ್ಪೂ ತುಂಬಿಕೊಡುವುದಿಲ್ಲ. ಇಲ್ಲಿ ನಿಮ್ಮ ಅಮ್ಮನ ಮಾತು ಸಾಲದು.

ಒಂದು ಎಚ್ಚರಿಕೆ: ಇದನ್ನು ಓದಿ ನಾಳೆಯೇ ಗ್ಯಾಸಿನ ಮಾತ್ರೆ ಬಿಟ್ಟುಬಿಡಬೇಡಿ. ತುಂಬ ದಿನ ತಗೊಂಡು ಒಮ್ಮೆಲೇ ನಿಲ್ಲಿಸಿದರೆ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕುತ್ತದೆ, "ಮಾತ್ರೆ ಇಲ್ಲದೆ ಆಗುವುದೇ ಇಲ್ಲ" ಅನ್ನಿಸುತ್ತದೆ. ಹಂತಹಂತವಾಗಿ ಹೇಗೆ ಇಳಿಸಬೇಕು ಅಂತ ಡಾಕ್ಟರನ್ನು ಕೇಳಿ. ಎಚ್. ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಇದೆಯಾ ಅಂತ ನೋಡಬೇಕಾ ಅಂತಲೂ ಕೇಳಿ. ಅದಿದ್ದರೆ ಅದಕ್ಕೆ ಬೇರೆಯೇ ಔಷಧಿ.

ಇನ್ನು ಗಾರ್ಸಿನಿಯಾ. ಇದರ ಬಗ್ಗೆ ನನಗೆ ತುಂಬ ಹೇಳುವುದಿದೆ. ಡಬ್ಬಿಯ ಮೇಲೆ ಗಾರ್ಸಿನಿಯಾ ಕ್ಯಾಂಬೋಜಿಯಾ ಅಂತ ಇದ್ದದ್ದನ್ನು ನೋಡಿ ನಾನೂ ಯಾವುದೋ ದೂರದೇಶದ ಹಣ್ಣು ಅಂದುಕೊಂಡಿದ್ದೆ. ಚಿತ್ರ ದೊಡ್ಡದು ಮಾಡಿ ನೋಡಿದರೆ ನಮ್ಮ ಉಪ್ಪಾಗೆ! ಪುಟ್ಟ ಸಿಹಿಗುಂಬಳದ ಹಾಗೆ ಗೆರೆಗೆರೆ ಇರುವ ಹಳದಿ ಹಣ್ಣು. ಅಜ್ಜಿಮನೆಯ ಹಿಂದಿನ ಬೆಟ್ಟದಲ್ಲಿ ಆಷಾಢದ ಮಳೆಯಲ್ಲಿ ನೆಲಕ್ಕೆ ಬಿದ್ದಿರುತ್ತಿತ್ತು. ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಿದ್ದರು. ಸಿಪ್ಪೆಯನ್ನು ಒಣಗಿಸೋಣ ಅಂದರೆ ಆ ತಿಂಗಳುಗಳಲ್ಲಿ ಬಿಸಿಲೆಲ್ಲಿ? ಒಲೆಯ ಮೇಲಿನ ಅಟ್ಟದಲ್ಲಿ ಹರಡಿ ಹೊಗೆಗೆ ಕಪ್ಪಗಾಗಿಸಿ, ಹುಳಿಗೆ ಅಂತ ಡಬ್ಬಿಯಲ್ಲಿಡುತ್ತಿದ್ದರು. ಅದೇ ಸಿಪ್ಪೆ ಈಗ ಕಾಡಿನಿಂದ ಮೂಟೆಗಟ್ಟಲೆ ಹೊರಗೆ ಹೋಗುತ್ತದೆ. ಒಣಗಿಸುವುದಕ್ಕೆ ಎಷ್ಟೊಂದು ಸೌದೆ ಉರಿಯುತ್ತದೆ, ಪೈಪೋಟಿಗೆ ಬಿದ್ದು ಹಣ್ಣಾಗುವ ಮೊದಲೇ ಕೊಂಬೆ ಸಮೇತ ಕಡಿಯುವವರೂ ಇದ್ದಾರೆ. ಅದು ಬೇರೆಯೇ ಸಂಕಟ.

ಆ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಕೊಬ್ಬು ಕಟ್ಟುವುದನ್ನು ತಡೆಯುತ್ತದೆ ಅನ್ನುವುದು ಮಾರುವವರ ವಾದ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಇದರ ಪರೀಕ್ಷೆ ಪ್ರಕಟವಾಯಿತು. 135 ಜನ, 12 ವಾರ, ಅರ್ಧ ಜನಕ್ಕೆ ದಿನಕ್ಕೆ 1500 ಮಿಲಿಗ್ರಾಂ ಆ ಆಮ್ಲ, ಉಳಿದವರಿಗೆ ಬರೀ ಹುಸಿಮಾತ್ರೆ. ತೂಕ ಇಳಿದದ್ದರಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಉಪಯೋಗ ಇಲ್ಲ ಅಂತಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ಮನಿರಬಹುದಿತ್ತು. ಗಾರ್ಸಿನಿಯಾ ಇರುವ ತೂಕದ ಮಾತ್ರೆ ತಿಂದವರಲ್ಲಿ ಯಕೃತ್ತಿಗೆ ತೀವ್ರ ಹಾನಿಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ, ಯಕೃತ್ತಿನ ಕಸಿಯವರೆಗೆ ಹೋದದ್ದೂ ಇದೆ. ಸಾರಿಗೆ ಎರಡು ಚೂರು ಒಣ ಸಿಪ್ಪೆ ಹಾಕುವುದು ಒಂದು, ಅದರ ಸಾರ ಹಿಂಡಿ ತಿಂಗಳುಗಟ್ಟಲೆ ನುಂಗುವುದು ಇನ್ನೊಂದು. "ನ್ಯಾಚುರಲ್ ಅಲ್ವಾ, ಸೈಡ್ ಎಫೆಕ್ಟ್ ಇಲ್ಲ" ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಕಳಲೆ ನೆನಪಾಗುತ್ತದೆ. ಬಿದಿರಿನ ಎಳೆಮೊಳಕೆಗಿಂತ ನ್ಯಾಚುರಲ್ ಇನ್ಯಾವುದಿದೆ? ಆದರೂ ಮೂರು ದಿನ ನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಾಯಿಸದೆ ನಮ್ಮಲ್ಲಿ ಯಾರೂ ಪಲ್ಯ ಮಾಡುವುದಿಲ್ಲ. ಅದರೊಳಗೆ ಸಯನೈಡ್ ಬಿಡುವ ಅಂಶ ಇದೆ ಅಂತ ವಿಜ್ಞಾನ ಹೇಳುವ ಮೊದಲೇ ಅಜ್ಜಿಯರಿಗೆ ಗೊತ್ತಿತ್ತು.

ಪ್ರೋಬಯಾಟಿಕ್ ಕ್ಯಾಪ್ಸೂಲು ಅಷ್ಟು ಅಪಾಯದ್ದೇನಲ್ಲ. ನಿಮ್ಮ ತೊಂದರೆಗೆ ಅದು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಸಾಲದು, ಅಷ್ಟೇ. 2020ರಲ್ಲಿ ಅಮೆರಿಕದ ಜಠರ ಕರುಳು ತಜ್ಞರ ಸಂಘ ಎಲ್ಲ ಪರೀಕ್ಷೆಗಳನ್ನೂ ಒಟ್ಟಿಗೆ ನೋಡಿ, ಹೆಚ್ಚಿನ ಹೊಟ್ಟೆಯ ಕಾಯಿಲೆಗಳಿಗೆ ಇದನ್ನು ಶಿಫಾರಸು ಮಾಡುವಷ್ಟು ಪುರಾವೆ ಇಲ್ಲ ಅಂದಿತು. ಕರುಳಿನ ಕಿರಿಕಿರಿ, ಅಂದರೆ ಐಬಿಎಸ್, ಅದೂ ಆ ಪಟ್ಟಿಯಲ್ಲಿತ್ತು. ಒಂದೊಂದು ತಳಿಯ ಬ್ಯಾಕ್ಟೀರಿಯಾದ ಕೆಲಸ ಒಂದೊಂದು. ಡಬ್ಬಿಯ ಮೇಲೆ 50 ಬಿಲಿಯನ್ ಅಂತ ಬರೆದ ಮಾತ್ರಕ್ಕೆ ಅದು ನಿಮಗೆ ಬೇಕಾದದ್ದೇ ಅಂತಾಗುವುದಿಲ್ಲ. ಆ್ಯಂಟಿಬಯಾಟಿಕ್ ಕೊಡುವಾಗ ಜೊತೆಗೆ ಇಂಥದ್ದೇ ತಗೊಳ್ಳಿ ಅಂತ ಡಾಕ್ಟರು ಬರೆದರೆ ಆ ವಿಷಯ ಬೇರೆ.

ಈಗ ನಿಮ್ಮ ಅಮ್ಮನ ತಂಬುಳಿಗೆ ಬರುತ್ತೇನೆ. ಇಡ್ಲಿ ದೋಸೆ ಪ್ರೋಬಯಾಟಿಕ್ ಅಂತ ಎಲ್ಲರೂ ಹಂಚುತ್ತಾರೆ. ಹಿಟ್ಟು ಹುದುಗಿದ್ದು ನಿಜ, ಆದರೆ ಹಬೆಯಲ್ಲಿ ಬೆಂದ ಮೇಲೆ ಆ ಜೀವಾಣು ಉಳಿಯುವುದಿಲ್ಲ. ಮಜ್ಜಿಗೆಹುಳಿ ಕುದಿಸಿದರೂ ಅಷ್ಟೇ. ತಂಬುಳಿಯನ್ನು ಮಾತ್ರ ಒಲೆಗೆ ಇಡುವುದಿಲ್ಲ. ಮಜ್ಜಿಗೆಯ ಜೀವಾಣು ಜೀವಂತವಾಗಿಯೇ ತಟ್ಟೆಗೆ ಬರುತ್ತದೆ. ಹಾಲಿನ ಲ್ಯಾಕ್ಟೋಸನ್ನು ಅದು ಆಗಲೇ ಒಂದಿಷ್ಟು ಮುರಿದಿರುವುದರಿಂದ ಹಾಲು ಕುಡಿದರೆ ಹೊಟ್ಟೆ ಉಬ್ಬುವವರಿಗೂ ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ. ನಾನು ಮಾಡುವುದು ಹೀಗೆ: ಒಂದು ಹಿಡಿ ಒಂದೆಲಗ, ಬೇರಿನ ಮಣ್ಣು ಹೋಗುವಷ್ಟು ನಾಲ್ಕು ನೀರಿನಲ್ಲಿ ತೊಳೆದು. ಅರ್ಧ ಚಮಚ ಜೀರಿಗೆ, ಐದು ಕಾಳುಮೆಣಸು, ತುಪ್ಪದಲ್ಲಿ ಚಟಪಟ ಅನ್ನಿಸಿ, ಸೊಪ್ಪು ಹಾಕಿ ಬಾಡಿಸಬೇಕು. ಆರಿದ ಮೇಲೆ ಎರಡು ಚಮಚ ಕಾಯಿತುರಿ ಸೇರಿಸಿ ನುಣ್ಣಗೆ ಬೀಸಿ, ಬೆಣ್ಣೆ ತೆಗೆದ ಮಜ್ಜಿಗೆಗೆ ಕದಡಿ, ಉಪ್ಪು, ಸಾಸಿವೆ ಒಗ್ಗರಣೆ. ಬಿಸಿ ಅನ್ನಕ್ಕೆ ಕಲಸಿ ಉಂಡು, ಉಳಿದದ್ದನ್ನು ಲೋಟಕ್ಕೆ ಹಾಕಿಕೊಂಡು ಕುಡಿಯುತ್ತೇನೆ. ಒಂದೆಲಗ ಇಲ್ಲದ ದಿನ ದೊಡ್ಡಪತ್ರೆ. ಹೊಟ್ಟೆ ಕೆಟ್ಟು ಭೇದಿಯಾದರೆ ನಮ್ಮ ಮನೆಯಲ್ಲಿ ದಾಳಿಂಬೆ ಸಿಪ್ಪೆಯ ತಂಬುಳಿ. ನಿಮಗೆ ಇನ್ನೂ ಅನುಕೂಲ ಏನೆಂದರೆ ಇದಕ್ಕೆ ಈರುಳ್ಳಿ ಬೆಳ್ಳುಳ್ಳಿ ಬೀಳುವುದಿಲ್ಲ, ಸೂಕ್ಷ್ಮ ಕರುಳಿನವರಿಗೆ ಗ್ಯಾಸ್ ಮಾಡುವುದರಲ್ಲಿ ಅವೆರಡು ಮುಂದಿನ ಸಾಲಿನವು.

ಮಜ್ಜಿಗೆ ಇಳಿಸಿಬಿಟ್ಟರೆ ಆಗಲಿಲ್ಲ, ಒಳಗಿನ ಬ್ಯಾಕ್ಟೀರಿಯಾಕ್ಕೆ ಮೇವೂ ಬೇಕು. ಅದು ನಾರಿನಂಶ. ನಮ್ಮ ಊಟದ ದೊಡ್ಡ ದೋಷ ಇಲ್ಲೇ ಇದೆ: ಬೆಳಿಗ್ಗೆ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ಪಲ್ಯ ಎಲೆಯ ತುದಿಗೆ ಒಂದು ಚಮಚ. ರಾಷ್ಟ್ರೀಯ ಪೋಷಣೆ ಸಂಸ್ಥೆಯ 2024ರ ಮಾರ್ಗಸೂಚಿಯ ತಟ್ಟೆಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ ಸೊಪ್ಪು ಇದೆ. ಒಮ್ಮೆ ತೂಗಿ ನೋಡಿ, ಎಷ್ಟು ಕಮ್ಮಿ ತಿನ್ನುತ್ತೇವೆ ಅಂತ ಕಾಣುತ್ತದೆ. ಬಾಳೆದಿಂಡು, ಹರಿವೆ, ಹುರುಳಿ, ಕುಚ್ಚಲಕ್ಕಿ ಗಂಜಿ ನಿಧಾನವಾಗಿ ಸೇರಿಸುತ್ತಾ ಹೋಗಿ. ಒಂದೇ ವಾರದಲ್ಲಿ ಹೆಚ್ಚಿಸಿದರೆ ಉಬ್ಬರ ಇನ್ನೂ ಜಾಸ್ತಿಯಾಗುತ್ತದೆ. ಡಬ್ಬಿಯದ್ದೇ ಏನಾದರೂ ಬೇಕು ಅನ್ನಿಸಿದರೆ ಇಸಬ್‌ಗೋಲ್ ತಗೊಳ್ಳಿ. ಐಬಿಎಸ್‌ಗೂ ಮಲಬದ್ಧತೆಗೂ ಪುರಾವೆ ಇರುವ ಅಗ್ಗದ ವಸ್ತು ಅದು. ಒಂದು ಚಮಚಕ್ಕೆ ತುಂಬಿದ ಲೋಟ ನೀರು, ಕಮ್ಮಿ ನೀರಿನಲ್ಲಿ ನುಂಗಿದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುತ್ತದೆ.

ಊಟವಾದ ಮೇಲೆ ಜೀರ್ಣಕ್ಕೆ ಅಂತ ಕವಳ, ಅಂದರೆ ಎಲೆಅಡಿಕೆ, ಹಾಕುವ ಅಭ್ಯಾಸ ಇದ್ದರೆ ಬಿಡಿ. ನಮ್ಮಪ್ಪ ನನ್ನನ್ನು ಓದಿಸಿದ್ದು ಅಡಿಕೆ ಮಾರಿದ ದುಡ್ಡಿನಲ್ಲಿ, ಈ ಮಾತು ಬರೆಯುವಾಗ ಕೈ ತಡೆಯುತ್ತದೆ. ಆದರೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಇಲ್ಲದಿದ್ದರೂ ಅಡಿಕೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ಸ್ಪಷ್ಟವಾಗಿ ಹೇಳಿದೆ. ಜೀರ್ಣಕ್ಕೆ ಬೇಕಾದರೆ ಜೀರಿಗೆ ಕಷಾಯ ಕುಡಿಯಿರಿ.

ತೂಕ ತಾನಾಗಿ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಅದು ಟಾರಿನ ಹಾಗೆ ಕಪ್ಪಗಾದರೆ, ನುಂಗುವಾಗ ಸಿಕ್ಕಿಕೊಂಡ ಹಾಗಾದರೆ, ಹೊಟ್ಟೆನೋವಿಗೆ ರಾತ್ರಿ ಎಚ್ಚರವಾದರೆ, ಈ ಮೇಲಿನ ಯಾವುದನ್ನೂ ಪ್ರಯೋಗ ಮಾಡುತ್ತಾ ಕೂರಬೇಡಿ. ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಚಹಾ, ಯಾರೋ ಕೊಟ್ಟ ಅಮೃತಬಳ್ಳಿ ಜ್ಯೂಸಿನ ಬಾಟಲಿ ಇದ್ದರೆ ಅದನ್ನೂ ಒಂದು ಕೈಚೀಲಕ್ಕೆ ಹಾಕಿಕೊಂಡು ಹೋಗಿ. ನನಗೆ ಡಾಕ್ಟರು ಹಾಗೆ ತರಲು ಹೇಳಿದ್ದರು. ಒಂದೊಂದನ್ನೇ ಮೇಜಿನ ಮೇಲೆ ಸಾಲಾಗಿ ಇಟ್ಟು, ಹಿಂದಿನ ಸಣ್ಣ ಅಕ್ಷರ ಓದಿ, ಬೇಡದ್ದನ್ನು ಎಡಕ್ಕೆ ಸರಿಸುತ್ತಾ ಹೋದರು. ಏಳರಲ್ಲಿ ಬಲಗಡೆ ಉಳಿದದ್ದು ಒಂದೇ, ಅದೂ ಎರಡು ವಾರಕ್ಕೆ ಮಾತ್ರ.